ಇಂಜಿನ್ನಿಗೆ ಮೊದಲ ತುತ್ತು

ಮರ್ಫಿ ಟೌನಿನ ಆ ಗಲ್ಲಿಯಲ್ಲಿ ಮನುಷ್ಯರಿಗಿಂತ ಗಾಡಿಗಳಿಗೇ ಜಾಗ ಹೆಚ್ಚು. ಮುನಿರಾಜಪ್ಪನ ಮನೆಯ ಮುಂದಿನ ಕೋಣೆ ಹತ್ತಡಿ ಉದ್ದ. ಹೊರಗೆ ಗೋಡೆಗೆ ಒತ್ತಿಕೊಂಡು ನಿಂತ ಬಿಳಿ ಕಾರು ಹನ್ನೆರಡಡಿಗೂ ಮಿಗಿಲು. ಕಾರು ತಂದ ಹೊಸದರಲ್ಲಿ ಅವನ ಹೆಂಡತಿ ಮುನಿಲಕ್ಷ್ಮಮ್ಮ, "ನಾವ್ ಕಾರಲ್ಲಿ ಮಲ್ಕೊಳಾಣ, ಕಾರು ಮನೇಲಿ ಮಲ್ಕೊಳ್ಲಿ" ಎಂದು ನಗಾಡಿದ್ದಳು. ಈಗ ನಗಾಡುವವಳು ಇಲ್ಲ. ಕಾರು ಇದೆ. ಹತ್ತು ತಿಂಗಳಿಂದ ಒಂದಂಗುಲ ಕದಲದೆ ಇದೆ. ಮೇಲೆ ಹೊದಿಸಿದ ಕವರಿನ ಮೇಲೆ ಹೊಂಗೆ ಎಲೆ, ಎಲೆಯ ಮೇಲೆ ಧೂಳು, ಧೂಳಿನ ಮೇಲೆ ಬೀದಿಯ ಬೂದು ಬೆಕ್ಕು. ಬೆಕ್ಕು ಮಾತ್ರ ಸ್ವಂತ ಕಾರಿನ ಹಾಗೆ ಅದರ ಮೇಲೆ ದಿನವಿಡೀ ಮಲಗಿರುತ್ತಿತ್ತು.

ಆ ಭಾನುವಾರ ಬೆಳಗ್ಗೆ ಸೊಸೆ ಬೃಂದಾ ಕಾಫಿ ಲೋಟ ಕೈಗೆ ಕೊಟ್ಟು ಅಲ್ಲೇ ನಿಂತಳು. ಅವಳಿಗೆ ಎಂಟು ತಿಂಗಳು. ನಿಂತರೆ ಸೊಂಟಕ್ಕೊಂದು ಕೈ ಕೊಟ್ಟುಕೊಂಡೇ ನಿಲ್ಲಬೇಕು.

"ಮಾವ, ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮುಂದಿನ್ ತಿಂಗಳು ಇದ್ದಕ್ಕಿದ್ದ ಹಾಗೆ ನೋವು ಬಂದ್ರೆ ಏನ್ ಮಾಡೋದು? ಮನೆ ಮುಂದೆ ಕಾರ್ ಇಟ್ಕೊಂಡು ಆಟೋಗೆ ಓಡೋದಾ? ಇವ್ರನ್ನ ಕೇಳಿದ್ರೆ, ಆ ಕಾರಿನ ಸುದ್ದಿ ಎತ್ಬೇಡ ಅಂತಾರೆ. ಮಾರಿಬಿಡೋಣ ಅಂದ್ರೂ ಬೇಡ, ರಿಪೇರಿ ಮಾಡ್ಸೋಣ ಅಂದ್ರೂ ಬೇಡ. ಆಟೋಗೆ ಓಡಿ ಒಂದ್ಸಲ ಏನಾಯ್ತು ಅಂತ ನಮ್ಗೆಲ್ಲಾ ಗೊತ್ತಲ್ವಾ?"

ಕೊನೆಯ ಮಾತು ಬಾಯಿ ಜಾರಿ ಬಂದದ್ದು. ಅವಳು ತುಟಿ ಕಚ್ಚಿಕೊಂಡಳು. ಮುನಿರಾಜಪ್ಪನಿಗೆ ಏನೂ ಅನ್ನಿಸಲಿಲ್ಲ. ಕಾಫಿ ಬಿಸಿ ಇತ್ತು, ಕುಡಿದ.

"ಅವನನ್ನ ಏನ್ ಕೇಳೋದು," ಎಂದ. "ಕೀ ಎಲ್ಲಿದೆ ನೋಡು. ನಾನೇ ತೆಗೀತೀನಿ."

ಕೀ ಸಿಕ್ಕಿದ್ದು ಮಗ ಜಗದೀಶನ ಬೀರುವಿನಲ್ಲಿ, ಅಂಗಿಗಳ ರಾಶಿಯ ಅಡಿಯಲ್ಲಿ. ದೇವರ ಪಟದ ಪಕ್ಕದ ಮೊಳೆಯಲ್ಲಿ ನೇತಾಡಬೇಕಿದ್ದ ಕೀ ಅಲ್ಲಿಗೇಕೆ ಹೋಯಿತೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಜಗದೀಶನಿಗೆ ಅವತ್ತು ಡ್ಯೂಟಿ ಇತ್ತು. ದೊಮ್ಮಲೂರಿನ ಒಂದು ಲ್ಯಾಬಿನಲ್ಲಿ ಅವನು ರಕ್ತ ತೆಗೆಯುವ ಟೆಕ್ನಿಷಿಯನ್. ಬರುವುದು ಸಂಜೆ ಆರಕ್ಕೆ. ಅಷ್ಟರಲ್ಲಿ ಇಂಜಿನ್ ತೊಳೆದು, ತೊಂದರೆ ಏನೆಂದು ನೋಡಿ, ಮೆಕ್ಯಾನಿಕ್ ಅಕ್ತರನನ್ನು ಕಿವಿ ಹಿಡಿದು ಕರೆತರಬೇಕು ಎಂದು ಮುನಿರಾಜಪ್ಪ ಲೆಕ್ಕ ಹಾಕಿದ. ಹತ್ತು ತಿಂಗಳಿಂದ ಅಕ್ತರನನ್ನು ಯಾವಾಗ ಕರೆದರೂ "ನಾಳೆ ಬರ್ತೀನಿ ಚಾಚಾ" ಎನ್ನುತ್ತಿದ್ದ. ಆ ನಾಳೆ ಬಂದೇ ಇರಲಿಲ್ಲ.

ಕಳೆದ ವರ್ಷ ದೀಪಾವಳಿಗೆ ಎರಡು ದಿನ ಇರುವಾಗ, ಬೆಳಗ್ಗೆ ಆರು ಗಂಟೆಗೆ, ಮುನಿಲಕ್ಷ್ಮಮ್ಮ ರಂಗೋಲಿ ಡಬ್ಬಿ ಹಿಡಿದುಕೊಂಡೇ ಹೊಸಿಲ ಮೇಲೆ ಕುಸಿದಿದ್ದಳು. ಎದೆ ಹಿಡಿದಿದೆ ಎಂದಳು. ಆಂಬ್ಯುಲೆನ್ಸಿಗೆ ಕಾಯುವುದಕ್ಕಿಂತ ಕಾರೇ ಬೇಗ ಎಂದು ಅಪ್ಪ ಮಗ ಇಬ್ಬರೂ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಜಗದೀಶ ಕೀ ತಿರುಗಿಸಿದ. ಇಂಜಿನ್ ಗರಗರ ಎಂದು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಹತ್ತು ನಿಮಿಷ ಹೀಗೇ ಹೋಯಿತು. ಆಮೇಲೆ ಅವನು ಬರಿಗಾಲಲ್ಲಿ ಮುಖ್ಯರಸ್ತೆಗೆ ಓಡಿ ಆಟೋ ತಂದಾಗ ಇನ್ನೂ ಇಪ್ಪತ್ತು ನಿಮಿಷ ಕಳೆದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿ, "ಅರ್ಧ ಗಂಟೆ ಮುಂಚೆ ಬಂದಿದ್ರೆ" ಎಂದರು.

ಆ ಅರ್ಧ ಗಂಟೆ ಅವರೊಂದಿಗೆ ಮನೆಗೆ ಬಂತು. ಹನ್ನೊಂದನೇ ದಿನ ಶಾಮಿಯಾನದ ಕೆಳಗೆ ಎಲೆ ಹಾಕುವ ಹೊತ್ತಿಗೆ ಯಾರೋ ನೆಂಟರು, ಎರಡು ವರ್ಷದ ಹೊಸ ಕಾರು ಯಾಕೆ ಸ್ಟಾರ್ಟ್ ಆಗಲಿಲ್ಲ ಎಂದು ಕೇಳಿದರು. ಜಗದೀಶ ತಲೆ ತಗ್ಗಿಸಿ, "ಸರ್ವಿಸ್ ಮಾಡ್ಸಿರ್ಲಿಲ್ಲ. ವೈರಿಂಗ್ ಹೋಗಿತ್ತಂತೆ. ನನ್ನದೇ ತಪ್ಪು" ಎಂದ. ಮುನಿರಾಜಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಒಂದ್ ಗಾಡಿ ನೋಡ್ಕೊಳೋಕಾಗ್ದೋನು ಹೆತ್ತೋಳನ್ನ ಏನ್ ನೋಡ್ಕೋತಾನೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಮಾತನ್ನು ಹಿಡಿದುಕೊಂಡು ಮುನಿಲಕ್ಷ್ಮಮ್ಮನ ತಮ್ಮ ಅಂಜನಮೂರ್ತಿ ಎಲೆಯ ಮುಂದಿನಿಂದ ಎದ್ದುಬಿಟ್ಟ. "ನಿನ್ನ ಸೋಮಾರಿತನ ನಮ್ಮಕ್ಕನ್ನ ತಿಂತು" ಎಂದು ಸೋದರಳಿಯನ ಮುಖಕ್ಕೆ ಹೇಳಿ ಕೆ.ಆರ್. ಪುರಕ್ಕೆ ಹೊರಟುಹೋದ. ಜಗದೀಶನಿಗೆ ಹಲಸೂರು ಕೆರೆಯ ಪಕ್ಕ ಸೈಕಲ್ ಕಲಿಸಿದವನು ಅವನೇ. ಚಿಕ್ಕಂದಿನಲ್ಲಿ ಜಗದೀಶ ಅಪ್ಪನಿಗಿಂತ ಮಾವನ ಹೆಗಲ ಮೇಲೆ ಕಳೆದ ದಿನಗಳೇ ಹೆಚ್ಚು. ಆ ಮಾವ ಮತ್ತೆ ಈ ಗಲ್ಲಿಗೆ ಕಾಲಿಡಲಿಲ್ಲ. ಬೃಂದಾ ಬಸುರಿ ಎಂಬ ಸುದ್ದಿ ಹೋದಾಗಲೂ ಬರಲಿಲ್ಲ, ಫೋನೂ ಮಾಡಲಿಲ್ಲ. ಅಪ್ಪ ಮಗನ ನಡುವೆ ಉಳಿದದ್ದು ನೀರು ಬಂತಾ, ಊಟ ಆಯ್ತಾ, ಗ್ಯಾಸ್ ಬುಕ್ ಮಾಡಿದ್ಯಾ, ಇಷ್ಟೇ.

ಮುನಿರಾಜಪ್ಪ ಅಳಲೂ ಇಲ್ಲ. ಮಣ್ಣು ಹಾಕುವಾಗ ಅಳು ಬರಲಿಲ್ಲ, ಆಮೇಲೆ ಬರಬಹುದೆಂದು ಕಾದ, ಆಮೇಲೂ ಬರಲಿಲ್ಲ. ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ ಇಳಿಯದೇ ಉಳಿದುಬಿಟ್ಟ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಗನ ಮೇಲಿನ ಸಿಟ್ಟು ಒಂದೇ ಬೆಚ್ಚಗಿತ್ತು, ಅದನ್ನೇ ಹಿಡಿದುಕೊಂಡು ಹತ್ತು ತಿಂಗಳು ದೂಡಿದ್ದ.

ಬೆಕ್ಕನ್ನು ಓಡಿಸಿ, ಕವರು ಎಳೆದು, ಒಳಗಿನ ಲಿವರ್ ಜಗ್ಗಿ ಬಾನೆಟ್ ಎತ್ತಿದ. ತುಕ್ಕು ಹಿಡಿದ ಕೀಲು ಕಿರ್ರೆಂದಿತು. ಒಳಗಿನಿಂದ ಬಂದ ವಾಸನೆ ಎಣ್ಣೆಯದಲ್ಲ, ಮುಚ್ಚಿಟ್ಟ ಹಳೆ ಗೋಣಿಚೀಲದ್ದು.

ಮೂವತ್ತೆರಡು ವರ್ಷ ಕಾರ್ಖಾನೆಯ ಬಸ್ಸು ಓಡಿಸಿದವನು ಮುನಿರಾಜಪ್ಪ. ಹಲಸೂರಿನಿಂದ ಕೆ.ಆರ್. ಪುರದಾಚೆಗೆ ಮೂರು ಶಿಫ್ಟಿನ ಜನರನ್ನು ಹೊತ್ತು ದಿನಕ್ಕೆ ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಇಂಜಿನ್ ತೊಳೆಯುವುದರಲ್ಲಿ ಅವನಿಗೆ ಪಾಠ ಹೇಳುವವರು ಬೇಕಿರಲಿಲ್ಲ. ಆದರೂ ಬೃಂದಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಫೋನಿನಲ್ಲಿ ವಿಡಿಯೋ ತೋರಿಸಿದಳು. ಅದರಲ್ಲಿ ಒಬ್ಬ ಹಿಂದಿಯವನು ಬೆಂಕಿ ಆರಿಸುವವನ ಹಾಗೆ ಪೈಪು ಹಿಡಿದು ಇಂಜಿನ್ನಿಗೆ ನೀರು ಹೊಡೆಯುತ್ತಿದ್ದ.

"ಅವನ ತಲೆ," ಎಂದ ಮುನಿರಾಜಪ್ಪ. "ಈಗಿನ್ ಗಾಡೀಲಿ ಇಂಜಿನ್ ಕಮ್ಮಿ, ವೈರ್ ಜಾಸ್ತಿ. ಹಂಗೆ ನೀರ್ ಹೊಡೆದ್ರೆ ತಳ್ಕೊಂಡೇ ಹೋಗ್ಬೇಕು. ಒಂದ್ ಬಕೆಟ್ ನೀರು, ಒಂದ್ ಬ್ರಷ್ಷು. ಅಷ್ಟ್ ಸಾಕು. ಹಾಲಿನ್ ಕವರ್ ಇದ್ರೆ ಕೊಡಮ್ಮ, ರಬ್ಬರ್ ಬ್ಯಾಂಡೂ."

ಕಾವೇರಿ ನೀರು ಬಿಡುವ ದಿನವಲ್ಲ, ಒಂದು ಬಕೆಟ್ಟಿಗಿಂತ ಹೆಚ್ಚು ಸಿಗುವಂತೆಯೂ ಇರಲಿಲ್ಲ. ಮೊದಲು ಹತ್ತನೇ ನಂಬರಿನ ಸ್ಪ್ಯಾನರ್ ಹಾಕಿ ಬ್ಯಾಟರಿಯ ಮೈನಸ್ ಕಡೆಯ ವೈರು ಬಿಚ್ಚಿದ. ತೊಳೆದು ಒಣಗಿಸಿದ ಹಾಲಿನ ಕವರುಗಳನ್ನು ಫ್ಯೂಸ್ ಬಾಕ್ಸಿಗೆ, ಡೈನಮೊಗೆ, ಗಾಳಿ ಎಳೆಯುವ ಬಾಯಿಗೆ ಟೋಪಿಯಂತೆ ತೊಡಿಸಿ ರಬ್ಬರ್ ಬ್ಯಾಂಡ್ ಬಿಗಿದ. ಟರ್ಮಿನಲ್ಲಿನ ಮೇಲೆ ಬಿಳಿ ಬೂಷ್ಟು ಹೂವಿನ ಹಾಗೆ ಅರಳಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ನೊರೆ ಎದ್ದು ಇಳಿಯಿತು. ಕೆಲಸ ಕೈಗೆ ಗೊತ್ತಿತ್ತು, ಅವನು ಅಲ್ಲಿರುವ ಅಗತ್ಯವೇ ಇರಲಿಲ್ಲ.

ಇಂಜಿನ್ ತಲೆಯ ಮೇಲೊಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಅದನ್ನು ಎಳೆದು ತೆಗೆದಾಗ ಕೆಳಗೆ ಇಲಿಯ ಗೂಡು ಕಂಡಿತು. ಬಾನೆಟ್ಟಿನ ಒಳಮೈಯ ಹತ್ತಿಯನ್ನು ಕಿತ್ತು ತಂದು ಹಾಸಿಕೊಂಡಿದ್ದವು. ಹಿಕ್ಕೆ, ಹೊಂಗೆ ಬೀಜದ ಸಿಪ್ಪೆ, ಚೂರು ಕಾಗದ. ಗೂಡಿನ ಹಿಂದೆಯೇ ಮೂರು ವೈರುಗಳ ತೊಗಟೆ ಕಡಿದುಹೋಗಿತ್ತು. ಒಂದು ಪೂರಾ ತುಂಡಾಗಿ ತಾಮ್ರ ಕಾಣುತ್ತಿತ್ತು. ಇಂಜಿನ್ ಯಾಕೆ ಹತ್ತಿಕೊಳ್ಳಲಿಲ್ಲ ಎಂಬುದಕ್ಕೆ ಬೇರೆ ಪಂಡಿತರು ಬೇಕಿರಲಿಲ್ಲ.

"ಇಲಿ ಕಣಮ್ಮ," ಎಂದ ಸೊಸೆಗೆ. "ಸರ್ವಿಸ್ಸೂ ಇಲ್ಲ ಏನೂ ಇಲ್ಲ. ಇಲಿ ವೈರ್ ಕಡ್ದಿದೆ."

"ಹಂಗಾದ್ರೆ ಇವ್ರ ತಪ್ಪಲ್ವಲ್ಲ ಮಾವ?" ಬೃಂದಾಳ ದನಿ ಒಮ್ಮೆಲೇ ಏರಿತು. ಮುನಿರಾಜಪ್ಪ ಹಳೆಯ ಪೇಪರೊಂದನ್ನು ಹಾಸಿದ. ತಪ್ಪಲ್ಲ ಎಂದು ಒಪ್ಪಿಕೊಂಡರೆ ಸಿಟ್ಟನ್ನು ಕೆಳಗಿಡಬೇಕು, ಅದನ್ನಿಟ್ಟರೆ ಕೈಯಲ್ಲಿ ಹಿಡಿಯಲು ಬೇರೇನೂ ಇರಲಿಲ್ಲ. ಎಲ್ಲಿ ಬೇಕೆಂದರಲ್ಲಿ ಗಾಡಿ ನಿಲ್ಲಿಸಿದರೆ ಇಲಿ ಬಾರದೆ ಏನು ಮಾಡೀತು ಎಂದು ಒಳಗೇ ಮಗನ ಮೇಲೆ ಇನ್ನೊಂದು ದೂರು ಹೊಲಿಯುತ್ತಾ ಗೂಡನ್ನು ಪೇಪರಿನ ಮೇಲೆ ಬಳಿದುಕೊಂಡ.

ಪೇಪರಿನ ಮೇಲೆ ಅದು ಚೆದುರಿತು. ಹತ್ತಿ, ಹಿಕ್ಕೆ, ಮತ್ತೆ ಕಪ್ಪಾದ ಪುರಿ ಕಾಳು. ಒಂದಲ್ಲ ಎರಡಲ್ಲ, ಒಂದು ಹಿಡಿ. ಜೊತೆಗೆ ಅಂಚು ಕಡಿದ ಕೊಬ್ಬರಿ ಚೂರು, ಕೆಂಪು ಬಟ್ಟೆಯ ಎಳೆ.

ಇಲಿಗೆ ಕಡ್ಲೆಪುರಿ ಯಾರು ಕೊಟ್ಟರು ಎಂದು ಯೋಚಿಸಿದ. ಯೋಚನೆ ಮುಗಿಯುವ ಮುಂಚೆಯೇ ಉತ್ತರ ಬಂದು ನಿಂತಿತು.

ಆಯುಧ ಪೂಜೆಯ ದಿನ ಮನುಷ್ಯರಿಗಿಂತ ಮೊದಲು ಇಂಜಿನ್ ಉಣ್ಣಬೇಕು. ಇದು ಮುನಿರಾಜಪ್ಪನಿಗೆ ಅವನ ಗುರು, ಹಳೆಯ ಲಾರಿ ಡ್ರೈವರೊಬ್ಬ, ಹೇಳಿಕೊಟ್ಟ ಪದ್ಧತಿ. ಪುರಿ, ಬೆಲ್ಲ, ಕೊಬ್ಬರಿ ಚೂರು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಅರಿಸಿನ ಹಚ್ಚಿದ ಹುರಿಯಿಂದ ಇಂಜಿನ್ನಿನ ಪಕ್ಕ ಬಿಗಿಯುವುದು. ಅದೇ ಇಂಜಿನ್ನಿಗೆ ಮೊದಲ ತುತ್ತು. ಮೂವತ್ತೆರಡು ವರ್ಷ ಬಸ್ಸಿಗೆ ತಪ್ಪದೆ ಕಟ್ಟಿದ್ದ. ಬಸ್ಸಿನ ಇಂಜಿನ್ ಒಲೆಯಿದ್ದಂತೆ. ನಾಲ್ಕು ದಿನದಲ್ಲಿ ಗಂಟು ಸೀದು ಕರಕಲಾಗಿ ಉದುರಿಹೋಗುತ್ತಿತ್ತು, ಡ್ರೈವರುಗಳು ಅದನ್ನು "ಉಂಡಿತು" ಎನ್ನುತ್ತಿದ್ದರು. ಕಾರಿಗೂ ಮೊದಲ ವರ್ಷ ಕಟ್ಟಿದ. ಆಗ ಜಗದೀಶನ ಕೆಲಸ ಕೆ.ಆರ್. ಪುರದ ಕಡೆ ಇತ್ತು, ಕಾರು ದಿನಾ ಓಡುತ್ತಿತ್ತು, ಅದೂ ಉಂಡಿತು. ಎರಡನೇ ವರ್ಷದ ಹೊತ್ತಿಗೆ ಜಗದೀಶ ದೊಮ್ಮಲೂರಿಗೆ ಬದಲಾಗಿದ್ದ. ಹತ್ತಿರದ ಹಾದಿ, ಸ್ಕೂಟರಿನಲ್ಲಿ ಹೋಗುತ್ತಿದ್ದ. ಕಾರು ವಾರಕ್ಕೊಮ್ಮೆ ಕದಲಿದರೆ ಹೆಚ್ಚು. ಮುನಿರಾಜಪ್ಪ ಅದೊಂದನ್ನೂ ನೋಡಲಿಲ್ಲ. ಹಬ್ಬದ ದಿನ ಬಾನೆಟ್ ಎತ್ತಿ, ಬ್ಯಾಟರಿಯ ತಟ್ಟೆಗೆ ಗಂಟು ಬಿಗಿದು, ಊದುಬತ್ತಿ ತಿರುಗಿಸಿ, ಮುಚ್ಚಿದ. ಓಡದ ಗಾಡಿಯಲ್ಲಿ ಗಂಟು ಸೀಯಲಿಲ್ಲ. ಬೆಲ್ಲದ ವಾಸನೆಗೆ ಇಲಿ ಬಂತು. ಮೊದಲು ಪುರಿ ತಿಂದಿತು, ಆಮೇಲೆ ವೈರು.

ಗುಡ್ಡ ಅಗೆದು ಇಲಿ ಹಿಡಿದ ಎಂದು ಜನ ನಗುತ್ತಾರೆ. ಇಲ್ಲಿ ಇಲಿ ಹಿಡಿಯಹೋದವನಿಗೆ ಗುಡ್ಡವೇ ಮೈಮೇಲೆ ಬಿತ್ತು. ಆದರೂ ಮುನಿರಾಜಪ್ಪ ನಿಂತೇ ಇದ್ದ. ಎದೆಯಲ್ಲಿ ಏನಾದರೂ ಆಗಬೇಕಿತ್ತು, ಆಗಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ. ಬ್ರಷ್ಷನ್ನು ಶಾಂಪೂ ನೀರಿಗೆ ಅದ್ದಿದ. ತೊಳೆಯಬೇಕಾದದ್ದು ಇನ್ನೂ ಇತ್ತು, ತೊಳೆದ.

ಬ್ಯಾಟರಿಯ ತಟ್ಟೆಯ ಹಿಂದೆ ಬೆರಳಾಡಿಸುವಾಗ ಅದು ಸಿಕ್ಕಿತು. ಅವನದೇ ಹುರಿ. ಲಾರಿಯ ಟಾರ್ಪಾಲಿಗೆ ಹಾಕುವ ಎರಡು ಸುತ್ತಿನ ಗಂಟು, ಈ ಗಲ್ಲಿಯಲ್ಲಿ ಅವನೊಬ್ಬನಿಗೇ ಬರುವ ಗಂಟು, ತಟ್ಟೆಯ ಕಂಬಿಗೆ ಹಾಗೇ ಬಿಗಿದುಕೊಂಡಿತ್ತು. ಅದರಿಂದ ನೇತಾಡುತ್ತಿದ್ದ ತುದಿ ಎರಡಂಗುಲ. ಬೆಳಕಿಗೆ ಹಿಡಿದು ನೋಡಿದ. ಇಲಿ ಕಡಿದರೆ ಹುರಿ ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ. ಈ ತುದಿ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿದ ಹಾಗೆ ಸಮವಾಗಿತ್ತು.

ಇಲಿಯ ಹತ್ತಿರ ಬ್ಲೇಡು ಇರುವುದಿಲ್ಲ. ತನಗಿಂತ ಮೊದಲು ಯಾರೋ ಈ ಗಂಟನ್ನು ನೋಡಿದ್ದಾರೆ, ನೋಡಿ ಕತ್ತರಿಸಿ ತೆಗೆದಿದ್ದಾರೆ. ಬೀರುವಿನಲ್ಲಿ ಅಂಗಿಗಳ ಕೆಳಗಿದ್ದ ಕೀ ನೆನಪಾಯಿತು. ನಾಳೆ ನಾಳೆ ಎನ್ನುತ್ತಿದ್ದ ಅಕ್ತರ್ ನೆನಪಾದ. ಮುನಿರಾಜಪ್ಪ ಗಂಟನ್ನು ಬಿಚ್ಚಿ ಹುರಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

"ಒಣಗ್ಲಿ," ಎಂದ ಬೃಂದಾಗೆ. "ಹಲಸೂರ್ ಮಾರ್ಕೆಟ್‌ಗೆ ಹೋಗಿ ಹೊಗೆಸೊಪ್ಪು ತರ್ತೀನಿ. ಅದರ ಘಾಟಿಗೆ ಇಲಿ ಬರಲ್ಲ."

ಅಕ್ತರನ ಗ್ಯಾರೇಜು ಮಾರ್ಕೆಟ್ಟಿನ ದಾರಿಯಲ್ಲೇ. ಭಾನುವಾರವೂ ಒಂದು ಸ್ಕೂಟರ್ ಮಲಗಿಸಿಕೊಂಡು ಕೂತಿದ್ದ. ಮುನಿರಾಜಪ್ಪನನ್ನು ಕಂಡಕೂಡಲೇ ರೂಢಿಯಂತೆ "ನಾಳೆ" ಎನ್ನಲು ಬಾಯಿ ತೆರೆದವನು ಮುಖ ನೋಡಿ ಮುಚ್ಚಿಕೊಂಡ. ಮುನಿರಾಜಪ್ಪ ಹುರಿಯನ್ನು ತೆಗೆದು ತೋರಿಸಿದ.

"ಇದನ್ನ ಕತ್ತರ್ಸಿದ್ದು ಯಾರು ಅಕ್ತರ್?"

ಅಕ್ತರ್ ಎದ್ದು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡ. ಎಷ್ಟು ಒರೆಸಿದರೂ ಮುಗಿಯದ ಹಾಗೆ ಒರೆಸುತ್ತಲೇ ಇದ್ದ.

"ಬಾನೆಟ್ ತೆಗೆದ್ರಾ ಚಾಚಾ?"

"ಯಾರು ಅಂತ ಕೇಳ್ದೆ."

"ಜಗ್ಗುನೇ." ಅಕ್ತರ್ ನೆಲ ನೋಡುತ್ತಾ ಹೇಳಿದ. "ಚಾಚಿ ಹೋದ್ ಮೂರನೇ ದಿನ. ನೀವು ಒಳಗೆ ಜನದ್ ಮಧ್ಯೆ ಕೂತಿದ್ರಿ. ನಾನ್ ಬಾನೆಟ್ ಎತ್ತಿದ್ರೆ ಗಂಟು ಅಲ್ಲೇ ಇತ್ತು, ಅರ್ಧ ತಿಂದಿತ್ತು. ಇದು ಯಾರ್ ಕಟ್ಟಿದ್ದು ಅಂತ ನಾನ್ ಕೇಳೋಕ್ ಮುಂಚೆನೇ ನನ್ ಬ್ಲೇಡ್ ಇಸ್ಕೊಂಡು ಕತ್ತರ್ಸಿ ಜೇಬಲ್ಲಿ ಹಾಕೊಂಡ. ಯಾರಿಗೂ ಹೇಳ್ಬಾರ್ದು ಅಂತ ಕಸಮ್ ಹಾಕ್ಸಿದ ಚಾಚಾ. 'ಅಪ್ಪನಿಗೆ ಗೊತ್ತಾದ್ರೆ ಅವ್ರೂ ಉಳಿಯಲ್ಲ ಅಕ್ತರ್ ಭಾಯ್. ಸರ್ವಿಸ್ ಮಾಡ್ಸಿರ್ಲಿಲ್ಲ ಅಂತ ಹೇಳ್ಬಿಡೋಣ, ನನ್ನ ಬೈದ್ರೆ ನಾನ್ ತಡ್ಕೋತೀನಿ' ಅಂದ. ನಾನೇನ್ ಮಾಡ್ಲಿ? ಅದಕ್ಕೇ ನಿಮ್ಮನೆ ಕಡೆ ಬರೋದೇ ಬಿಟ್ಬಿಟ್ಟೆ."

ಮೂರನೇ ದಿನ. ಮುನಿರಾಜಪ್ಪ ಬೆರಳು ಮಡಿಸಿದ. ಹನ್ನೊಂದನೇ ದಿನಕ್ಕೆ ಇನ್ನೂ ಎಂಟು ದಿನವಿತ್ತು. ಅಂದರೆ ಶಾಮಿಯಾನದ ಕೆಳಗೆ ತಾನು ಆ ಮಾತು ಆಡಿದಾಗ ಮಗನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತಲೆ ತಗ್ಗಿಸಿದ. ಮಾವ ಎಲೆಯ ಮುಂದಿನಿಂದ ಎದ್ದು ಹೋದಾಗಲೂ ಎತ್ತಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿದವನು ಎತ್ತೇ.

"ಬೆಳಗ್ಗೆ ಬಾ," ಎಂದ ಅಕ್ತರನಿಗೆ. "ಮೂರ್ ವೈರ್ ಜೋಡಿಸ್ಬೇಕು. ಬ್ಯಾಟರಿ ಚಾರ್ಜ್ ಮಾಡ್ಬೇಕು. ಈ ಸಲ ನಾಳೆ ಅಂದ್ರೆ ನಾಳೆನೇ."

ಹೊಗೆಸೊಪ್ಪು ಕೊಂಡು ಮನೆಗೆ ಬಂದ. ದಾರಿ ನೆನಪಿಲ್ಲ. ಮಧ್ಯಾಹ್ನ ಉಣ್ಣಲಿಲ್ಲ, ಬೃಂದಾ ಎರಡು ಸಲ ಕರೆದು ಬಿಟ್ಟಳು. ಬಟ್ಟೆಯಿಂದ ಪ್ರತಿ ಸಂದನ್ನೂ ಒರೆಸಿದ. ಹಾಲಿನ ಕವರುಗಳನ್ನು ಬಿಚ್ಚಿ, ಒಳಗೆ ಹನಿ ನಿಂತಿದೆಯೇ ಎಂದು ನೋಡಿದ. ರಬ್ಬರಿಗೆ ಎಣ್ಣೆ ತಾಗಿಸಬಾರದು, ಉಬ್ಬಿಹೋಗುತ್ತದೆ. ಜಗದೀಶ ಹೊಸದರಲ್ಲಿ ತಂದಿಟ್ಟಿದ್ದ ಪಾಲಿಶನ್ನೇ ಸ್ಪಂಜಿಗೆ ಸುರಿದುಕೊಂಡು ಪೈಪುಗಳಿಗೆ, ಪ್ಲಾಸ್ಟಿಕ್ಕಿಗೆ ತೆಳ್ಳಗೆ ಹಚ್ಚಿದ. ಟರ್ಮಿನಲ್ಲಿಗೆ ಬೆರಳಿನಿಂದ ವ್ಯಾಸಲೀನ್ ಬಳಿದ. ಕಡಿದ ವೈರುಗಳ ತುದಿಗೆ ಟೇಪು ಸುತ್ತಿಟ್ಟ. ಕೊನೆಗೆ ಹೊಗೆಸೊಪ್ಪನ್ನು ಮುರಿದು ಹಳೆಯ ಬಟ್ಟೆಯಲ್ಲಿ ಕಟ್ಟಿ, ಕಾವು ತಾಗದ ಮೂಲೆ ನೋಡಿ ಬಿಗಿದ. ಕೈ ತಾನಾಗಿಯೇ ಅದೇ ಎರಡು ಸುತ್ತಿನ ಗಂಟು ಹಾಕಿತು. ಗಂಟು ಅದೇ, ಹುರಿಯ ತುದಿ ಎಳೆದು ಬಿಗಿಯುವ ರೀತಿ ಅದೇ. ಒಳಗಿನ ಪದಾರ್ಥ ಮಾತ್ರ ಬೇರೆ. ಹೋದ ವರ್ಷವೂ ಇದನ್ನೇ ಕಟ್ಟಿದ್ದರೆ ಮುನಿಲಕ್ಷ್ಮಮ್ಮ ಈಗ ಒಳಗೆ ಸೊಸೆಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿರುತ್ತಿದ್ದಳು.

ಇಷ್ಟು ನೇರವಾಗಿ ಅಂದುಕೊಂಡರೂ ಅಳು ಬರಲಿಲ್ಲ. ನಾಚಿಕೆ ಮಾತ್ರ ಬಂತು. ಅದು ಕಿವಿಯ ಹಿಂದಿನಿಂದ ಬಿಸಿಯಾಗಿ ಹತ್ತಿ ಬಂತು. ಸಿಟ್ಟನ್ನು ಬಿಟ್ಟರೆ ಹತ್ತು ತಿಂಗಳಲ್ಲಿ ಅವನ ಮೈಗೆ ತಿಳಿದ ಮೊದಲ ಬಿಸಿ ಅದು. ಪೇಪರಿನ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿ, ಇಂಜಿನ್ನನ್ನು ಇನ್ನೊಂದು ಸಲ ತೊಳೆದು, ಇಲಿ ಎಲ್ಲಿಂದಲೋ ಬಂತು ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಬಚ್ಚಿಟ್ಟದ್ದು ಬಚ್ಚಿಟ್ಟಂತೆಯೇ ಇದೆ ಎಂದು ಮಗನೂ ನೆಮ್ಮದಿಯಾಗಿರುತ್ತಿದ್ದ. ಒಂದು ಗಳಿಗೆ ಆ ಆಸೆ ಬಂದದ್ದು ನಿಜ. ಬಾನೆಟ್ಟನ್ನು ಮುಚ್ಚಲೆಂದು ಕೈಯನ್ನೂ ಇಟ್ಟ. ಮುಚ್ಚದೆ ತೆಗೆದ.

ಆರಕ್ಕೆ ಜಗದೀಶ ಬಂದ. ಗಲ್ಲಿಯ ತಿರುವಿನಲ್ಲೇ ಎತ್ತಿದ ಬಾನೆಟ್ ಕಂಡಿರಬೇಕು, ಸ್ಕೂಟರನ್ನು ಅಲ್ಲೇ ನಿಲ್ಲಿಸಿ ನಡೆದು ಬಂದ. ಹೆಲ್ಮೆಟ್ಟನ್ನು ತೆಗೆಯುವುದೂ ಮರೆತಿದ್ದ.

"ಇದನ್ನ ಯಾರ್ ತೆಗೆದಿದ್ದು? ಬೃಂದಾ! ಕೀ ಯಾಕ್ ಕೊಟ್ಟೆ?"

"ಅವಳನ್ನ ಯಾಕ್ ಕೇಳ್ತೀಯ. ನಾನ್ ಕೇಳಿದ್ದು," ಎಂದ ಮುನಿರಾಜಪ್ಪ. ಜೇಬಿನಿಂದ ಹುರಿಯನ್ನು ತೆಗೆದು ಮಗನ ಅಂಗೈಯಲ್ಲಿಟ್ಟ.

ಜಗದೀಶ ಅದನ್ನು ಬೆರಳಲ್ಲಿ ಹೊರಳಿಸಿದ. ಅರಿಸಿನ ಮಾಸಿ ಹುರಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೆಲ್ಮೆಟ್ಟಿನೊಳಗಿಂದ ಅವನ ದನಿ ಸಣ್ಣಗೆ ಬಂತು.

"ಪೂರ್ತಿ ತೆಗ್ದೆ ಅಂದ್ಕೊಂಡಿದ್ದೆ."

ಬಾಗಿಲಲ್ಲಿ ನಿಂತಿದ್ದ ಬೃಂದಾಗೆ ಇಬ್ಬರ ಮುಖ ನೋಡಿಯೇ ಅರ್ಧ ತಿಳಿಯಿತು. ಅವಳು ಗೋಡೆ ಹಿಡಿದು ಮೆಲ್ಲನೆ ಕುರ್ಚಿಗೆ ಕೂತಳು.

"ಹನ್ನೊಂದನೇ ದಿನ ಅಷ್ಟ್ ಜನದ ಮುಂದೆ ಅಂದೆನಲ್ಲೋ ನಿನ್ನ," ಎಂದ ಮುನಿರಾಜಪ್ಪ. "ಆಗ್ಲಾದ್ರೂ ಬಾಯಿ ಬಿಡ್ಬಾರ್ದಾಗಿತ್ತಾ?"

"ಏನಂತ ಬಿಡ್ಲಿ?" ಜಗದೀಶ ಹೆಲ್ಮೆಟ್ ತೆಗೆದು ಕಾರಿನ ಮೇಲಿಟ್ಟ. ಕೂದಲು ಬೆವರಿಗೆ ಅಂಟಿಕೊಂಡಿತ್ತು. "ಒಬ್ರು ಹೋಗಿದ್ರಲ್ಲಪ್ಪ. ಸಾಕಿತ್ತು ನಂಗೆ."

ಮುನಿರಾಜಪ್ಪ ಮಗನ ಮುಖ ನೋಡಿದ. ಹತ್ತು ತಿಂಗಳಲ್ಲಿ ನೆಟ್ಟಗೆ ನೋಡಿರಲಿಲ್ಲ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು, ಅದು ಯಾವಾಗ ಆಯಿತೋ. ಮಗನನ್ನು ತಬ್ಬಿಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲ. ತಪ್ಪಾಯಿತು ಎಂದು ಹೇಳುವುದೂ ಆ ಮನೆಯ ಗಂಡಸರಿಗೆ ರೂಢಿಯಿರಲಿಲ್ಲ. ಹೇಳಿದರೂ ಈ ಗಲ್ಲಿಯಲ್ಲಿ ಮೂವರ ನಡುವೆ ಹೇಳಿದಂತೆ. ಬರೆ ಹಾಕಿದ್ದು ಹತ್ತಾರು ಜನರ ಮುಂದೆ. ಅವನು ಫೋನ್ ತೆಗೆದು ಅಂಜನಮೂರ್ತಿಯ ಹೆಸರು ಹುಡುಕಿದ.

"ಅಪ್ಪ, ಬೇಡ," ಎಂದ ಜಗದೀಶ. "ಬೇಡಪ್ಪ, ಅವ್ರು ನಿಮ್ಮನ್ನ ಬಿಡಲ್ಲ. ಏನ್ ಬಾಯಿಗ್ ಬರತ್ತೋ ಅಂದ್ಬಿಡ್ತಾರೆ."

"ಅನ್ಲಿ."

ಅಂಜನಮೂರ್ತಿ ಐದನೇ ರಿಂಗಿಗೆ ಎತ್ತಿದ. ಅವನ ದನಿ ಆ ಕಿರಿದಾದ ಗಲ್ಲಿಯಲ್ಲಿ ಮೂವರಿಗೂ ಕೇಳುವಷ್ಟು ದೊಡ್ಡದಾಗಿತ್ತು. "ಹೇಳಿ ಭಾವ," ಎಂದ, ಎಷ್ಟು ಬೇಕೋ ಅಷ್ಟೇ.

"ಅಂಜನಮೂರ್ತಿ, ಮಧ್ಯೆ ಮಾತಾಡ್ಬೇಡ, ಪೂರ್ತಿ ಕೇಳು. ಅವತ್ತು ಕಾರ್ ಸ್ಟಾರ್ಟ್ ಆಗ್ದೆ ಇದ್ದದ್ದು ಜಗದೀಶನ ತಪ್ಪಲ್ಲ. ಹಬ್ಬದಲ್ಲಿ ಇಂಜಿನ್ನಿಗೆ ಅಂತ ಪುರಿ ಗಂಟು ಕಟ್ಟಿದ್ದು ನಾನು. ಅದಕ್ಕೆ ಇಲಿ ಬಂದು ವೈರ್ ಕಡೀತು. ಅವನಿಗೆ ಮೂರನೇ ದಿನವೇ ಗೊತ್ತಾಗಿತ್ತು. ನನ್ನ ಉಳಿಸೋಕೆ ತಾನ್ ಹೊತ್ಕೊಂಡ. ನಾನ್ ಅವನನ್ನ ಎಲ್ಲರ ಮುಂದೆ ಬೈದೆ. ನಿಮ್ಮಕ್ಕನ್ನ ಕಳ್ಕೊಂಡಿದ್ದು ನನ್ನ ಕೈಯಿಂದ. ಬೈಯೋದಿದ್ರೆ ನನ್ನ ಬೈಯಿ. ವರ್ಷದ ತಿಥಿ ದಿನ ಆ ಜನಾನೆಲ್ಲ ಮತ್ತೆ ಕೂರಿಸಿ ಅವ್ರ ಮುಂದೇನೂ ಇದನ್ನೇ ಹೇಳ್ತೀನಿ."

ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು.

"ಈಗ್ ಯಾಕ್ ಭಾವ ಇದೆಲ್ಲ," ಎಂದ ಅಂಜನಮೂರ್ತಿ. ದನಿ ಒಡೆದಿತ್ತು. "ಅಕ್ಕ ಹೋಗಿ ವರ್ಷ ಆಗ್ತಾ ಬಂತು. ಹೋದೋಳು ಬರ್ತಾಳಾ?"

"ಅವಳು ಬರಲ್ಲ ಕಣಪ್ಪ," ಎಂದ ಮುನಿರಾಜಪ್ಪ. "ಇವನು ಇಲ್ಲೇ ಇದಾನೆ."

ಹುರಿಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡು ಜಗದೀಶ ಬಂಪರಿನ ಮೇಲೆ ಕೂತುಬಿಟ್ಟಿದ್ದ. ಓಡಿಸಿದ್ದ ಬೆಕ್ಕು ಯಾವಾಗಲೋ ವಾಪಸು ಬಂದು ಮಡಿಸಿಟ್ಟ ಕವರಿನ ಮೇಲೆ ಮಲಗಿತ್ತು. ಅಂಜನಮೂರ್ತಿ, "ಫೋನ್ ಅವನಿಗೆ ಕೊಡಿ ಭಾವ" ಎಂದ.

ಮುನಿರಾಜಪ್ಪ ವ್ಯಾಸಲೀನ್ ಅಂಟಿದ ಫೋನನ್ನು ಅಂಗಿಗೆ ಒರೆಸಿ ಮಗನ ಕೈಗೆ ಕೊಟ್ಟ. ಜಗದೀಶ ಅದನ್ನು ಕಿವಿಗಿಟ್ಟುಕೊಂಡು "ಮಾವಾ" ಎಂದ.